ಯಾರ ಮುಂದ ಹೇಳ್ಲಿ? ಹದಿಹರೆಯದ ಐದು ಪ್ರಶ್ನೆ, ಒಂದೇ ಪಾಠ

ನಮ್ಮ ಪತ್ರಿಕೆಯಲ್ಲಿ ಕತೆ, ಕವನ, ಟೆಕ್ನಾಲಜಿ ಬರಹ ಬರುತ್ತಲೇ ಇರುತ್ತವೆ. ಈ ಸಲ ಸಿಲಬಸ್‌ನಲ್ಲಿ ಇಲ್ಲದ ಒಂದು ಪಾಠ ಬರೆಯೋಣ ಅನ್ನಿಸ್ತು. ಇದಕ್ಕೆ ಇಂಟರ್ನಲ್ಸ್ ಇಲ್ಲ, ಅಟೆಂಡೆನ್ಸ್ ಇಲ್ಲ. ಆದರೆ ಸೆಮಿಸ್ಟರ್ ಪೂರ್ತಿ ಉಪಯೋಗಕ್ಕೆ ಬರುವ ಪಾಠ.

ನಮ್ಮ ಕಾಲೇಜಿನಲ್ಲಿ ಮೂರು ಥರದವರು ಸಿಗ್ತಾರೆ. ವಿಜಯಪುರ ಸಿಟಿಯಲ್ಲೇ ಬೆಳೆದವರು. ತಿಕೋಟಾ, ಬಬಲೇಶ್ವರ ಕಡೆಯಿಂದ ದಿನಾ ಬಸ್ಸಿಗೆ ಬಂದು ಹೋಗುವವರು. ಇನ್ನೂ ದೂರದಿಂದ ಬಂದು ಹಾಸ್ಟೆಲ್ ಅಥವಾ ರೂಮಿನಲ್ಲಿ ಇರುವವರು. ಮೂರೂ ಜನರ ಪ್ರಶ್ನೆಗಳು ನೋಡೋಕೆ ಬೇರೆ ಬೇರೆ. ಒಬ್ಬನಿಗೆ ಕ್ಲಾಸ್ ತಿಳಿಯಲ್ಲ, ಒಬ್ಬಳಿಗೆ ಬ್ಯಾಕ್‌ಲಾಗ್, ಒಬ್ಬನಿಗೆ ಸಾಲ, ಇನ್ನೊಬ್ಬಳಿಗೆ ಯಾರೋ ಮೆಸೇಜ್ ಹಾಕಿ ಕಾಡ್ತಿದ್ದಾರೆ. ಆದರೆ ಎಲ್ಲ ಪ್ರಶ್ನೆಗಳ ಕೆಳಗೆ ಒಂದೇ ಪ್ರಶ್ನೆ ಕೂತಿರುತ್ತೆ: ಯಾರ ಮುಂದ ಹೇಳ್ಲಿ?

ಮೊದಲು ಸ್ವಲ್ಪ ಸಿವಿಲ್

ನಮ್ಮೂರ ಗೋಳಗುಮ್ಮಟ ನೋಡದವರು ಇಲ್ಲಿ ಯಾರೂ ಇಲ್ಲ. ಸ್ಕೂಲ್ ಟ್ರಿಪ್‌ನಲ್ಲಿ ಹೋಗಿ ಕೂಗಿ ಬಂದಿರ್ತೀವಿ. ಈಗ ಇಂಜಿನಿಯರಿಂಗ್ ಕಣ್ಣಿನಿಂದ ಒಂದು ಸಲ ನೋಡಿ. 1656ರ ಹೊತ್ತಿಗೆ ಕಟ್ಟಿದ ಮುಹಮ್ಮದ್ ಆದಿಲ್ ಶಾಹನ ಸಮಾಧಿ ಅದು. ಗುಮ್ಮಟದ ಹೊರ ವ್ಯಾಸ ಸುಮಾರು 44 ಮೀಟರ್. ಅಷ್ಟು ದೊಡ್ಡ ಕಲ್ಲು-ಗಾರೆಯ ಭಾರ ತಲೆ ಮೇಲಿದ್ದರೂ ಕೆಳಗಿನ ಹಾಲ್‌ನ ನಡುವೆ ಒಂದು ಕಂಬವೂ ಇಲ್ಲ. ಹಾಗಾದ್ರೆ ಭಾರ ಎಲ್ಲಿ ಹೋಯ್ತು?

ತಲೆ ಎತ್ತಿ ನೋಡಿದ್ರೆ ಎಂಟು ಕಮಾನುಗಳು ಒಂದನ್ನೊಂದು ಹಾಯ್ದು, ಬುಟ್ಟಿ ಹೆಣೆದ ಹಾಗೆ ಕಾಣುತ್ತವೆ. ಮೇಲಿನ ಭಾರ ಒಂದೇ ಕಡೆ ಬೀಳದೆ ಈ ಕಮಾನುಗಳಲ್ಲಿ ಹಂಚಿಕೊಂಡು ಗೋಡೆಗೆ ಇಳಿಯುತ್ತೆ. ಗುಮ್ಮಟ ಹೊರಕ್ಕೆ ತಳ್ಳುವ ಬಲವನ್ನು, ಒಳಕ್ಕೆ ಚಾಚಿಕೊಂಡ ಕಟ್ಟಡದ ತೂಕ ಹಿಡಿದಿಡುತ್ತೆ. ಹಂಚಿದ ಭಾರ, ಅದಕ್ಕೇ ಮುನ್ನೂರೈವತ್ತು ವರ್ಷಕ್ಕೂ ಹೆಚ್ಚು ಕಾಲ ನಿಂತಿದೆ.

ಅದೇ ಕಟ್ಟಡದಲ್ಲಿ ಇನ್ನೊಂದು ವಿಷಯ ಇದೆ. ಮೇಲಿನ ಗ್ಯಾಲರಿಯಲ್ಲಿ ಒಂದು ಕಡೆ ಪಿಸುಗುಟ್ಟಿದರೆ ಎದುರು ಕಡೆಯವರಿಗೆ ಕೇಳಿಸುತ್ತೆ. ನಮ್ಮ ಹೆದರಿಕೆ ಇರೋದು ಇಲ್ಲೇ. ಒಬ್ಬರ ಮುಂದೆ ಹೇಳಿದ್ರೆ ಗಾಂಧಿ ಚೌಕದಿಂದ ತಿಕೋಟಾ ಬಸ್‌ಸ್ಟ್ಯಾಂಡ್‌ವರೆಗೂ ಸುದ್ದಿ ಮುಟ್ಟುತ್ತೆ, ‘ಮಂದಿ ಏನಂತಾರ’ ಅಂತ. ಈ ಹೆದರಿಕೆ ಸುಳ್ಳಲ್ಲ. ಆದ್ದರಿಂದ ಎಲ್ಲರಿಗೂ ಹೇಳಿ ಅಂತ ನಾನು ಹೇಳೋದಿಲ್ಲ. ಗ್ಯಾಲರಿಗೆ ಹೇಳಬೇಡಿ, ಕಮಾನಿಗೆ ಹೇಳಿ. ಅಂದ್ರೆ, ಆ ಭಾರ ನಿಜವಾಗಿ ಹೊರಬಲ್ಲ ಒಬ್ಬಿಬ್ಬರನ್ನು ಆರಿಸಿ, ಬೇಗ ಹೇಳಿ.

ಇದಕ್ಕೆ ಮೂರು ಪದದ ಒಂದು ಸಣ್ಣ ಫಾರ್ಮುಲಾ ಇಟ್ಟುಕೊಳ್ಳೋಣ: ಏನು, ಯಾರು, ಯಾವಾಗ. ಸಮಸ್ಯೆ ಏನು ಅಂತ ಒಂದೇ ಸಾಲಿನಲ್ಲಿ ಬರೀಬೇಕು. ಅದರ ಬಗ್ಗೆ ಏನಾದ್ರೂ ಮಾಡೋಕೆ ಆಗುವವರು ಯಾರು ಅಂತ ನೋಡಬೇಕು. ಯಾವ ದಿನದೊಳಗೆ ಹೇಳಲೇಬೇಕು ಅಂತ ಕಟ್ಟಿಕೊಳ್ಳಬೇಕು. ಈಗ ಇದನ್ನೇ ಐದು ಪ್ರಶ್ನೆಗಳಿಗೆ ಹಾಕಿ ನೋಡೋಣ.

ಪ್ರಶ್ನೆ 1: ಕ್ಲಾಸ್ ತಿಳೀವಲ್ದು, ಕೇಳಾಕ ನಾಚಿಕಿ

ಹತ್ತನೇ ಕ್ಲಾಸ್‌ವರೆಗೂ ಕನ್ನಡ ಮೀಡಿಯಂನಲ್ಲಿ ಓದಿ ಬಂದವರಿಗೆ ಮೊದಲ ತಿಂಗಳು ಕಷ್ಟ. ಸರ್ ಬೋರ್ಡ್ ಮೇಲೆ ಬರೆಯೋದು ತಿಳಿಯುತ್ತೆ, ಬಾಯಲ್ಲಿ ಹೇಳೋದು ಓಡಿ ಹೋಗುತ್ತೆ. ಪಕ್ಕದವರೆಲ್ಲ ತಲೆ ಆಡಿಸ್ತಿದ್ರೆ ‘ನನಗಷ್ಟೇ ತಿಳೀವಲ್ದು’ ಅನ್ಸುತ್ತೆ.

ಒಂದು ಗುಟ್ಟು ಹೇಳ್ತೀನಿ. ನಾನು ಒಂದನೇ ಕ್ಲಾಸಿನಿಂದ ಇಂಗ್ಲಿಷ್ ಮೀಡಿಯಂ. ಫಸ್ಟ್ ಸೆಮ್‌ನ ಎಷ್ಟೋ ಕ್ಲಾಸ್‌ಗಳಲ್ಲಿ ನನಗೂ ಒಂದೊಂದು ಪದದ ಅರ್ಥ ಗೊತ್ತಿತ್ತು, ಪಾಠದ ಅರ್ಥ ಗೊತ್ತಾಗಿರ್ಲಿಲ್ಲ. ತಲೆ ಆಡಿಸುವವರಲ್ಲಿ ಅರ್ಧ ಜನ ಬರೀ ತಲೆ ಆಡಿಸ್ತಿರ್ತಾರೆ. ಇಂಗ್ಲಿಷ್ ಬರೋದು ಬೇರೆ, ವಿಷಯ ತಿಳಿಯೋದು ಬೇರೆ.

ಇನ್ನೊಂದು ಮಾತು. ಸಿಇಟಿಯಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೆ ಶೇ. 15, ಕನ್ನಡ ಮಾಧ್ಯಮದವರಿಗೆ ಶೇ. 5 ಮೀಸಲಾತಿ ಇದೆ. ಆ ಕೋಟಾದಲ್ಲಿ ಸೀಟು ಸಿಕ್ಕಿದ್ದನ್ನು ಮುಚ್ಚಿಡುವವರನ್ನು ನೋಡಿದ್ದೇನೆ. ಮುಚ್ಚಿಡೋ ವಿಷಯ ಅದಲ್ಲ. ನಿಮ್ಮ ಶಾಲೆಗೂ ಸಿಟಿ ಶಾಲೆಗೂ ಇದ್ದ ವ್ಯತ್ಯಾಸವನ್ನು ಸರ್ಕಾರವೇ ಒಪ್ಪಿಕೊಂಡು ಕೊಟ್ಟ ಜಾಗ ಅದು. ಹಕ್ಕಿನಿಂದ ಕೂತುಕೊಳ್ಳಿ.

ಈಗ ಫಾರ್ಮುಲಾ ಹಾಕಿ. ಏನು? ‘ಮ್ಯಾಥ್ಸ್ ತಿಳಿಯಲ್ಲ’ ಅಂತ ಬರೆದ್ರೆ ಯಾರೂ ಸಹಾಯ ಮಾಡೋಕೆ ಆಗಲ್ಲ. ‘ಪಾರ್ಶಿಯಲ್ ಡಿಫರೆನ್ಸಿಯೇಶನ್‌ನಲ್ಲಿ ಚೈನ್ ರೂಲ್ ಯಾವಾಗ ಹಾಕಬೇಕು ಗೊತ್ತಾಗಲ್ಲ’ ಅಂತ ಬರೀರಿ. ಪ್ರಶ್ನೆ ಸಣ್ಣದಾದಷ್ಟೂ ನಾಚಿಕೆ ಕಡಿಮೆ ಆಗುತ್ತೆ. ಯಾರು? ಕ್ಲಾಸ್‌ನಲ್ಲಿ ಎದ್ದು ಕೇಳೋಕೆ ಆಗದಿದ್ರೆ ಕ್ಲಾಸ್ ಮುಗಿದ ಮೇಲೆ ಬಾಗಿಲ ಹತ್ರ ಕೇಳಿ. ‘ಸರ್, ಇದೊಂದ ಸ್ಟೆಪ್ ತಿಳೀಲಿಲ್ರೀ, ಕನ್ನಡದಾಗ ಒಮ್ಮಿ ಹೇಳ್ತೀರೇನ್ರೀ?’ ಅಂತ ಕೇಳಿದ್ರೆ ನಮ್ಮ ಕಡೆಯ ಬಹಳಷ್ಟು ಸರ್, ಮೇಡಂ ಖುಷಿಯಿಂದ ಹೇಳ್ತಾರೆ. ಯಾವಾಗ? ಅದೇ ವಾರದೊಳಗೆ. ಮುಂದಿನ ಮಾಡ್ಯೂಲ್ ಶುರುವಾದ ಮೇಲೆ ಹಿಂದಿನದನ್ನ ಕೇಳೋಕೆ ಇನ್ನೂ ನಾಚಿಕೆ ಆಗುತ್ತೆ.

ಬಸ್ಸಿಗೆ ಬರುವವರಿಗೆ ಒಂದು ಸಲಹೆ. ತಿಕೋಟಾ, ಬಬಲೇಶ್ವರ ಎರಡೂ ಇಲ್ಲಿಂದ ಸುಮಾರು ಇಪ್ಪತ್ತು, ಇಪ್ಪತ್ತೈದು ಕಿಲೋಮೀಟರ್. ಹೋಗಿ ಬರೋದ್ರಲ್ಲಿ ದಿನಕ್ಕೆ ಒಂದೂವರೆ, ಎರಡು ತಾಸು ಹೋಗುತ್ತೆ. ರಶ್ಶಿನಲ್ಲಿ ನಿಂತು ಪುಸ್ತಕ ತೆಗೆಯೋಕೆ ಆಗಲ್ಲ, ಗೊತ್ತು. ಆದರೆ ಒಂದು ಕೆಲಸ ಆಗುತ್ತೆ: ಇವತ್ತಿನ ಪಾಠವನ್ನು ಪಕ್ಕದ ಗೆಳತಿಗೆ ನಿಮ್ಮ ಭಾಷೆಯಲ್ಲಿ, ನಮ್ಮ ಬಿಜಾಪುರ ಕನ್ನಡದಲ್ಲೇ ಹೇಳಿ. ಎಲ್ಲಿ ಬಾಯಿ ನಿಲ್ಲುತ್ತೋ ಅಲ್ಲಿ ನಿಮಗೆ ತಿಳಿದಿಲ್ಲ ಅಂತ ಅರ್ಥ. ನಾಳೆ ಕೇಳಬೇಕಾದ ಪ್ರಶ್ನೆ ಅದೇ.

ಪ್ರಶ್ನೆ 2: ವಿಷಯ ಉಳೀತು, ಮನ್ಯಾಗ ಹೆಂಗ ಹೇಳ್ಲಿ?

ಮೊದಲು ಲೆಕ್ಕ ಸರಿಯಾಗಿ ತಿಳ್ಕೊಳ್ಳಿ. ವಿ.ಟಿ.ಯು. 2022ರ ಸ್ಕೀಮಿನಲ್ಲಿ ಥಿಯರಿ ವಿಷಯಕ್ಕೆ ಇಂಟರ್ನಲ್ಸ್ 50, ಸೆಮಿಸ್ಟರ್ ಪರೀಕ್ಷೆ 50. ಪಾಸ್ ಆಗೋಕೆ ಇಂಟರ್ನಲ್ಸ್‌ನಲ್ಲಿ ಕನಿಷ್ಠ 20, ಪರೀಕ್ಷೆಯಲ್ಲಿ ಕನಿಷ್ಠ 18, ಎರಡೂ ಸೇರಿ 40 ಬೇಕು. 20 ಮತ್ತು 18 ಕೂಡಿದ್ರೆ 38 ಅಷ್ಟೇ. ಎರಡರಲ್ಲೂ ಮಿನಿಮಮ್ ಬಂದಿದೆ ಅಂತ ಸುಮ್ಮನೆ ಕೂತವರು ಎರಡು ಮಾರ್ಕ್ಸಿಗೆ ಉಳಿತಾರೆ. ಇಂಟರ್ನಲ್ಸ್‌ನಲ್ಲಿ ಗಳಿಸಿದ ಒಂದೊಂದು ಮಾರ್ಕ್ಸೂ ಕೊನೆಗೆ ದಿಂಬಿನ ಹಾಗೆ ಕಾಯುತ್ತೆ. ಅಟೆಂಡೆನ್ಸ್ ಶೇ. 85 ಬೇಕು. ಒಂದು ವಿಷಯಕ್ಕೆ 40 ಕ್ಲಾಸ್ ಇದ್ರೆ 34ಕ್ಕೆ ಹೋಗಲೇಬೇಕು, ತಪ್ಪಿಸೋಕೆ ಇರೋದು ಆರೇ. ಜಾತ್ರೆ, ಮದುವೆ, ಜ್ವರ ಎಲ್ಲ ಆ ಆರರಲ್ಲೇ ಆಗಬೇಕು. ಅದನ್ನ ಮೊದಲ ತಿಂಗಳಲ್ಲೇ ಖಾಲಿ ಮಾಡ್ಬೇಡಿ.

ಇಷ್ಟಾದರೂ ವಿಷಯ ಉಳೀತು ಅಂದ್ಕೊಳ್ಳಿ. ಮನೆಯಲ್ಲಿ ಅಪ್ಪ ದ್ರಾಕ್ಷಿ ತೋಟದ ಔಷಧಿ, ಆಳು, ಬ್ಯಾಂಕಿನ ಕಂತು ಅಂತ ಓಡಾಡ್ತಿರ್ತಾರೆ. ತಿಕೋಟಾ ಕಡೆ ದ್ರಾಕ್ಷಿ ಬೆಳೆಯುವ ಮನೆಯವರಿಗೆ ಗೊತ್ತು: ಒಣದ್ರಾಕ್ಷಿ ಮಾಡೋ ಹೊತ್ತಿಗೆ ಒಂದು ಅಕಾಲದ ಮಳೆ ಬಂದ್ರೆ ವರ್ಷದ ಲೆಕ್ಕವೇ ತಲೆಕೆಳಗಾಗುತ್ತೆ. ಆ ಮನೆಯಲ್ಲಿ ‘ನಾ ಫೇಲ್ ಆದೆ’ ಅಂತ ಹೇಳೋಕೆ ಬಾಯಿ ಬರಲ್ಲ. ಅದಕ್ಕೇ ಹುಡುಗರು ‘ರಿಸಲ್ಟ್ ಇನ್ನೂ ಬಂದಿಲ್ಲ’ ಅಂತಾರೆ. ಆಮೇಲೆ ‘ವೆಬ್‌ಸೈಟ್ ಓಪನ್ ಆಗ್ತಿಲ್ಲ’ ಅಂತಾರೆ. ಆಮೇಲೆ ಒಂದು ದಿನ ಪಕ್ಕದ ಮನೆ ಹುಡುಗ ಹೇಳಿಬಿಡ್ತಾನೆ. ಅಪ್ಪನಿಗೆ ಆಗ ಫೇಲ್ ಆಗಿದ್ದಕ್ಕಿಂತ ಸುಳ್ಳು ಹೇಳಿದ್ದೇ ಹೆಚ್ಚು ನೋವು. ಸುಳ್ಳು ಸಾಲದ ಹಾಗೆ. ದಿನ ಹೋದಷ್ಟೂ ಬಡ್ಡಿ ಏರುತ್ತೆ.

ಹೇಳುವ ಮೊದಲು ಒಂದು ದಿನ ತಯಾರಿ ಮಾಡಿ. ಯಾವ ವಿಷಯ, ಎಷ್ಟು ಮಾರ್ಕ್ಸು ಕಡಿಮೆ, ರೀವ್ಯಾಲ್ಯುಯೇಶನ್‌ಗೆ ಹಾಕೋದಾ ಬೇಡವಾ, ಉತ್ತರ ಪತ್ರಿಕೆಯ ಝೆರಾಕ್ಸ್ ತರಿಸೋದಾ, ಕೊನೆ ದಿನ ಯಾವುದು, ಫೀ ಎಷ್ಟು, ಎಲ್ಲ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಹೊತ್ತು ನೋಡಿ ಹೇಳಿ. ಅಪ್ಪ ಹೊಲದಿಂದ ಬಂದ ತಕ್ಷಣ ಬೇಡ, ಮನೆಗೆ ಬೀಗರು ಬಂದಾಗ ಬೇಡವೇ ಬೇಡ. ರಾತ್ರಿ ಊಟ ಆಗಿ ಕೂತಾಗ ಹೇಳಿ. ಮಾತು ಹೀಗಿರಲಿ:

‘ಅಪ್ಪಾ, ಒಂದ್ ಮಾತ್ ಹೇಳೋದೈತಿ. ನಂದು ಮ್ಯಾಥ್ಸ್ ಒಂದ ವಿಷಯ ಉಳದೈತಿ. ಉಳಿದ್ವೆಲ್ಲಾ ಪಾಸ್ ಆಗ್ಯಾವು. ಎರಡ ಮಾಡ್ಯೂಲ್ ನಂಗ ಬರ್ತಿದ್ದಿಲ್ಲ, ಅದಕ್ಕ ಹಿಂಗಾತು. ಮುಂದಿನ ಪರೀಕ್ಷಾಕ್ಕ ಮತ್ತ ಕಟ್ಟತೀನಿ. ದಿನಾ ಮುಂಜಾನಿ ಒಂದ ತಾಸ ಅದಕ್ಕ ಇಟ್ಟೀನಿ.’

ಈ ಮಾತಿನಲ್ಲಿ ನಾಲ್ಕು ಇದೆ: ಏನಾಯ್ತು, ಏನು ಸರಿ ಇದೆ, ಯಾಕಾಯ್ತು, ಮುಂದೇನು. ಅಪ್ಪ ಸಿಟ್ಟಾಗಬಹುದು. ‘ಇಷ್ಟ ರೊಕ್ಕಾ ಹಾಕಿ ಓದ್ಸಲಾಕತ್ತೀನಿ, ನೀ ಏನ್ ಮಾಡ್ಲಾಕತ್ತಿ?’ ಅನ್ನಬಹುದು. ಅನ್ನಲಿ. ಹತ್ತು ನಿಮಿಷ ಕೇಳಿಸ್ಕೊಳ್ಳಿ, ತಿರುಗಿ ಮಾತಾಡ್ಬೇಡಿ. ಆ ಸಿಟ್ಟಿನ ಹಿಂದೆ ಹೆದರಿಕೆ ಇರುತ್ತೆ, ನಿಮ್ಮ ಮುಂದಿನ ದಾರಿ ಬಗ್ಗೆ. ಕೈಯಲ್ಲಿರೋ ಹಾಳೆ ಆ ಹೆದರಿಕೆಗೆ ಉತ್ತರ. ನೇರ ಅಪ್ಪನ ಮುಂದೆ ಆಗಲ್ಲ ಅಂದ್ರೆ ಮೊದಲು ಅವ್ವನ ಹತ್ರ, ಇಲ್ಲ ಕಾಕಾ, ಮಾಮಾ, ಅಕ್ಕನ ಹತ್ರ ಹೇಳಿ, ಅವರನ್ನ ಜೊತೆಗೆ ಕೂರಿಸಿಕೊಂಡು ಹೇಳಿ. ಅವರೂ ಒಂದು ಕಮಾನೇ.

ಯಾವಾಗ? ರಿಸಲ್ಟ್ ಬಂದ ಮೂರು ದಿನದೊಳಗೆ. ರೀವ್ಯಾಲ್ಯುಯೇಶನ್‌ಗೆ ಕೊನೆ ದಿನ ಇರುತ್ತೆ, ಅದಕ್ಕೆ ಫೀ ಬೇಕು. ಬಚ್ಚಿಟ್ಟರೆ ಆ ದಾರಿಯೂ ಮುಚ್ಚುತ್ತೆ.

ಪ್ರಶ್ನೆ 3: ಕೈಯಾಗ ರೊಕ್ಕ ಇಲ್ಲ

ಎಲ್ಲರೂ ಸಂಜೆ ಹೊರಗೆ ಹೋಗ್ತಾರೆ. ಗಿರ್ಮಿಟ್, ಮಿರ್ಚಿ ಭಜಿ, ಚಹಾ, ಬರ್ತ್‌ಡೇ ಕೇಕ್, ಗುಂಪಿಗೊಂದು ಟೀ-ಶರ್ಟ್. ಒಂದೊಂದೂ ಸಣ್ಣದೇ. ತಿಂಗಳ ಕೊನೆಗೆ ಕೂಡಿಸಿದ್ರೆ ಬಸ್‌ಪಾಸ್, ಝೆರಾಕ್ಸ್ ಎಲ್ಲ ಸೇರಿಸಿದ್ದಕ್ಕಿಂತ ಹೆಚ್ಚು. ‘ನಂಗ ಆಗಂಗಿಲ್ಲ’ ಅನ್ನೋಕೆ ನಾಚಿಕೆ ಆಗಿ ಫೋನ್‌ನಲ್ಲಿ ಸಿಗೋ ಸಾಲದ ಆ್ಯಪ್ ಕಡೆ ಕೈ ಹೋಗುತ್ತೆ.

ಒಂದು ಉದಾಹರಣೆ ಲೆಕ್ಕ ಮಾಡೋಣ. ಆ್ಯಪ್ 5,000 ಸಾಲ ಅಂತ ತೋರಿಸುತ್ತೆ. ‘ಪ್ರೊಸೆಸಿಂಗ್’ ಅಂತ 1,500 ಹಿಡಿದು 3,500 ಕೈಗೆ ಕೊಡುತ್ತೆ. ಏಳು ದಿನಕ್ಕೆ 5,000 ತಿರುಗಿ ಕಟ್ಟಬೇಕು. ಅಂದ್ರೆ 3,500ಕ್ಕೆ ವಾರಕ್ಕೆ 1,500 ಬಡ್ಡಿ, ನೂರಕ್ಕೆ ಸುಮಾರು 43 ರೂಪಾಯಿ. ಊರಲ್ಲಿ ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ ಬಡ್ಡಿ ಅಂದ್ರೆ ಅಜ್ಜ ‘ಭಾಳ ಆತು’ ಅಂತಾರೆ. ಇದು ವಾರಕ್ಕೆ ನಲವತ್ಮೂರು! ಕಟ್ಟೋಕೆ ಆಗದಿದ್ರೆ ಇನ್ನೊಂದು ಆ್ಯಪ್‌ನಿಂದ ತೆಗಿತಾರೆ. ಅಲ್ಲಿಂದ ಕತೆ ಶುರು.

ರಿಸರ್ವ್ ಬ್ಯಾಂಕ್ 2022ರ ಸೆಪ್ಟೆಂಬರ್‌ನಲ್ಲಿ ಡಿಜಿಟಲ್ ಸಾಲಕ್ಕೆ ನಿಯಮ ತಂದಿದೆ. ಸಾಲದ ಆ್ಯಪ್ ನಿಮ್ಮ ಕಾಂಟ್ಯಾಕ್ಟ್ ಲಿಸ್ಟ್, ಕಾಲ್ ಲಾಗ್, ಫೋಟೋ ಫೈಲ್‌ಗಳನ್ನು ಮುಟ್ಟುವ ಹಾಗಿಲ್ಲ. ಒಟ್ಟು ಖರ್ಚು ಎಷ್ಟು ಅಂತ ಮೊದಲೇ ಬರೆದು ತೋರಿಸಬೇಕು. ಯಾವುದಾದ್ರೂ ಆ್ಯಪ್ ಕಾಂಟ್ಯಾಕ್ಟ್ಸ್ ಕೇಳಿದ್ರೆ ಅಲ್ಲೇ ನಿಲ್ಲಿಸಿ. ನಾಳೆ ನಿಮ್ಮ ಅವ್ವನಿಗೆ, ಮಾಮಾಗೆ ಫೋನ್ ಮಾಡಿ ಮಾನ ತೆಗೆಯೋಕೆ ಅದು ಬೇಕಾಗಿರೋದು.

ಇದಕ್ಕಿಂತ ಅಪಾಯದ್ದು ಇನ್ನೊಂದಿದೆ. ‘ನಿನ್ನ ಬ್ಯಾಂಕ್ ಅಕೌಂಟ್ ಸುಮ್ನ ಐತಲ್ಲ, ನಮಗ ಕೊಡು, ತಿಂಗಳಾ ರೊಕ್ಕಾ ಕೊಡ್ತೀವಿ’ ಅಂತ ಯಾರಾದ್ರೂ ಕೇಳಿದ್ರೆ, ಅದು ಮೋಸದ ಹಣ ಸಾಗಿಸೋ ದಾರಿ. ಪೊಲೀಸರು ಬರೋದು ಅಕೌಂಟ್ ಯಾರ ಹೆಸರಲ್ಲಿದೆಯೋ ಅವರ ಮನೆಗೆ. ಅಕೌಂಟ್, ಎಟಿಎಂ ಕಾರ್ಡ್, ಸಿಮ್, ಈ ಮೂರನ್ನು ಪ್ರಾಣಸ್ನೇಹಿತನಿಗೂ ಬಾಡಿಗೆಗೆ ಕೊಡಬೇಡಿ. ಹಾಗೇ, ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಪಾಸ್ ಮಾಡಿದೆ. ‘ಸ್ವಲ್ಪ ಹಾಕು, ಡಬಲ್ ಆಕೈತಿ’ ಅನ್ನುವವನ ಮಾತು ಕೇಳೋಕೆ ಈಗ ಯಾವ ನೆಪವೂ ಉಳಿದಿಲ್ಲ.

ಆಗಲೇ ಸಿಕ್ಕಿಹಾಕಿಕೊಂಡಿದ್ರೆ? ಏನು: ಯಾವ ಆ್ಯಪ್, ಕೈಗೆ ಬಂದದ್ದೆಷ್ಟು, ಕಟ್ಟಿದ್ದೆಷ್ಟು, ಸ್ಕ್ರೀನ್‌ಶಾಟ್ ಸಮೇತ. ಯಾರು: ಮನೆಯವರು ಒಬ್ಬರು, ಜೊತೆಗೆ ಸೈಬರ್ ಸಹಾಯವಾಣಿ 1930. ಯಾವಾಗ: ಮೋಸದಿಂದ ಹಣ ಹೋಗಿದ್ರೆ ಆ ಗಂಟೆಯೇ. ತಡ ಆದಷ್ಟೂ ಆ ಹಣ ಅಕೌಂಟಿನಿಂದ ಅಕೌಂಟಿಗೆ ಹೋಗಿಬಿಡುತ್ತೆ, ಹಿಡಿದು ನಿಲ್ಲಿಸೋದು ಕಷ್ಟ.

ಇನ್ನು ನಾಚಿಕೆಯ ಮಾತು. ನಮ್ಮ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿ ಇದೇ ತಿಕೋಟಾ ತಾಲ್ಲೂಕಿನ ಬಿಜ್ಜರಗಿಯವರು. ಅವರ ಅಂಗಿಗೆ ಜೇಬೇ ಇರಲಿಲ್ಲ. 2018ರಲ್ಲಿ ಬಂದ ಪದ್ಮಶ್ರೀಯನ್ನೂ ಬೇಡ ಅಂದರು. 2023ರ ಜನವರಿ 2ರಂದು ಅವರು ತೀರಿಕೊಂಡಾಗ ಈ ಊರಿಗೆ ಎಷ್ಟು ಜನ ಬಂದಿದ್ದರು ಅಂತ ನಾವೆಲ್ಲ ನೋಡಿದ್ದೇವೆ. ನಾವು ಸ್ವಾಮಿಗಳಲ್ಲ, ನಮಗೆ ಜೇಬು ಬೇಕು, ಅದರಲ್ಲಿ ರೊಕ್ಕವೂ ಬೇಕು. ಆದರೆ ಜೇಬು ಖಾಲಿ ಇದ್ದವನಿಗೆ ಮರ್ಯಾದೆ ಇಲ್ಲ ಅನ್ನೋ ಮಾತು ಕನಿಷ್ಠ ಈ ಊರಿನಲ್ಲಿ ನಡೆಯಲ್ಲ. ‘ಈ ವಾರ ನನ್ನ ಕಡೆ ಇಲ್ಲೋ, ಚಹಾಕ್ಕಷ್ಟ ಬರ್ತೀನಿ’ ಅಂತ ಒಂದು ಸಲ ಹೇಳಿ ನೋಡಿ. ಗುಂಪಿನಲ್ಲಿ ಇನ್ನಿಬ್ಬರು ‘ನಂದೂ ಅದ ಹಣೆಬರಹ’ ಅಂತಾರೆ.

ಪ್ರಶ್ನೆ 4: ‘ಒಲ್ಲೆ’ ಅನ್ನೋದು ಹೆಂಗ?

ನಮ್ಮ ಕಡೆ ಕನ್ನಡದಲ್ಲಿ ಒಂದು ಚಂದದ ಪದ ಇದೆ: ಒಲ್ಲೆ. ಒಂದೇ ಪದ, ಪೂರ್ತಿ ವಾಕ್ಯ. ಸಣ್ಣವರಿದ್ದಾಗ ಅವ್ವ ಇನ್ನೊಂದು ರೊಟ್ಟಿ ಹಾಕೋಕೆ ಬಂದ್ರೆ ಎಷ್ಟು ಸಲೀಸಾಗಿ ‘ನಾ ಒಲ್ಲೆ’ ಅಂತಿದ್ವಿ. ಹದಿನೆಂಟಕ್ಕೆ ಬಂದು ಗೆಳೆಯರ ಮುಂದೆ ಆ ಪದ ಬಾಯಿಂದ ಬರಲ್ಲ.

ಒಂದೇ ಬೈಕಿನಲ್ಲಿ ಮೂರು ಜನ ಹತ್ತುವಾಗ ಒಲ್ಲೆ ಅನ್ನಿ. ಕಾನೂನಿನ ಪ್ರಕಾರ ಹಿಂದೆ ಒಬ್ಬರಿಗಷ್ಟೇ ಜಾಗ. ಮನೆಯಲ್ಲಿ ಪಿಯುಸಿ ಓದೋ ತಮ್ಮ ಇದ್ದರೆ ಅವನಿಗೂ ಹೇಳಿ: 2019ರ ತಿದ್ದುಪಡಿ ಆದಮೇಲೆ ಹದಿನೆಂಟು ತುಂಬದವರು ಗಾಡಿ ಓಡಿಸಿ ಸಿಕ್ಕಿದ್ರೆ ಗಾಡಿ ಮಾಲೀಕರಿಗೆ, ಅಂದ್ರೆ ಅಪ್ಪನಿಗೇ, 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು ಆಗಬಹುದು. ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಸಿಗಲ್ಲ.

ಸೀನಿಯರ್ ರೂಮಿಗೆ ಕರೆದು ಹಾಡು, ಕುಣಿ, ಕುಡಿ ಅಂದ್ರೆ ಒಲ್ಲೆ ಅನ್ನಿ. ರ‍್ಯಾಗಿಂಗ್ ತಡೆಯೋಕೆ ಯುಜಿಸಿಯ 2009ರ ನಿಯಮ ಇದೆ, ಅದಕ್ಕೇ ಪ್ರತಿ ವರ್ಷ ನಾವೂ ನಮ್ಮ ಪಾಲಕರೂ ಮುಚ್ಚಳಿಕೆ ಬರೆದು ಕೊಡೋದು. ಸಹಾಯವಾಣಿ 1800-180-5522. ‘ತಮಾಷಿ ಮಾಡಿದ್ವಿ’ ಅನ್ನೋದು ಉತ್ತರ ಅಲ್ಲ. ತಮಾಷೆ ಅಂದ್ರೆ ಇಬ್ಬರೂ ನಗಬೇಕು.

ಒಲ್ಲೆ ಅಂದ್ರೆ ಕಾರಣ ಕೊಡಬೇಕಾಗಿಲ್ಲ. ಕಾರಣ ಕೊಟ್ಟರೆ ಅವರು ಆ ಕಾರಣದ ಜೊತೆ ಜಗಳಕ್ಕೆ ಇಳಿತಾರೆ. ‘ಯಾಕ?’ ಅಂದ್ರೆ ‘ಒಲ್ಲೆ, ಅಷ್ಟ’ ಅನ್ನಿ, ನಕ್ಕೊಂತ ಹೇಳಿ, ಎದ್ದು ಬನ್ನಿ.

ಇನ್ನು ಎರಡನೇ ಅರ್ಧ: ಬೇರೆಯವರ ‘ಒಲ್ಲೆ’ ಕೇಳಿಸ್ಕೊಳ್ಳೋದು. ಇಷ್ಟ ಅಂತ ಹೇಳಿದ್ರಿ, ಆಕೆ ಒಲ್ಲೆ ಅಂದಳು. ಅದು ಪ್ರಶ್ನೆಗೆ ಉತ್ತರ, ಮುಂದಿನ ಚರ್ಚೆಗೆ ವಿಷಯ ಅಲ್ಲ. ಆಕೆಯ ಗೆಳತಿಯರ ಕಡೆಯಿಂದ ಹೇಳಿಸೋದು, ಬಸ್‌ಸ್ಟಾಪ್‌ನಲ್ಲಿ ಕಾಯೋದು, ಹೊಸ ನಂಬರಿನಿಂದ ಮೆಸೇಜ್ ಹಾಕೋದು ಪ್ರೀತಿ ಅಲ್ಲ. ತಿಕೋಟಾ, ಬಬಲೇಶ್ವರದಿಂದ ಬರೋ ಎಷ್ಟೋ ಹುಡುಗಿಯರಿಗೆ ಇಂಥ ಒಂದು ಸುದ್ದಿ ಮನೆಗೆ ಮುಟ್ಟಿದ್ರೆ ಕಾಲೇಜೇ ನಿಲ್ಲುತ್ತೆ. ನಿಮಗೆ ಅದು ಹದಿನೈದು ದಿನದ ಬೇಜಾರು, ಆಕೆಗೆ ನಾಲ್ಕು ವರ್ಷದ ಡಿಗ್ರಿ. ಈ ಲೆಕ್ಕ ಹುಡುಗರು ಮಾಡಲೇಬೇಕು.

ಯಾರಾದ್ರೂ ಫೋಟೋ ಇಟ್ಕೊಂಡು ಹೆದರಿಸ್ತಿದ್ರೆ? ಹಣ ಕಳಿಸಬೇಡಿ, ಮತ್ತೆ ಫೋಟೋ ಕಳಿಸಬೇಡಿ, ಹೆದರಿ ಚಾಟ್ ಅಳಿಸಬೇಡಿ. ಸ್ಕ್ರೀನ್‌ಶಾಟ್ ತೆಗೆದಿಡಿ. ಖಾಸಗಿ ಅಂಗಗಳ ಚಿತ್ರವನ್ನು ಒಪ್ಪಿಗೆ ಇಲ್ಲದೆ ತೆಗೆಯೋದು, ಹಂಚೋದು ಐಟಿ ಕಾಯ್ದೆ ಪ್ರಕಾರ ಜೈಲು ಆಗುವ ಅಪರಾಧ. ಹದಿನೆಂಟರ ಒಳಗಿನವರಾದ್ರೆ 2012ರ ಪೋಕ್ಸೋ ಕಾಯ್ದೆಯೂ ಇದೆ, ಮಕ್ಕಳ ಸಹಾಯವಾಣಿ 1098 ಇದೆ. ವಿಜಯಪುರದಲ್ಲೇ ಸೈಬರ್ ಅಪರಾಧ ನೋಡುವ ಸಿಇಎನ್ ಠಾಣೆ ಇದೆ. ಒಬ್ಬರೇ ಹೋಗಬೇಡಿ, ನಂಬುವ ಮೇಡಂ ಅಥವಾ ಅಕ್ಕ ಒಬ್ಬರನ್ನ ಕರ್ಕೊಂಡು ಹೋಗಿ. ತಪ್ಪು ಹೆದರಿಸುವವನದು, ನಿಮ್ಮದಲ್ಲ.

ಪ್ರಶ್ನೆ 5: ದೋಸ್ತ ‘ಸಾಕಾಗೇತಿ’ ಅಂತಾನ, ಏನ್ ಮಾಡ್ಲಿ?

‘ಸಾಕಾಗೇತಿ’ ಅಂತ ನಾವು ದಿನಕ್ಕೆ ಹತ್ತು ಸಲ ಅಂತೀವಿ. ಲ್ಯಾಬ್ ರೆಕಾರ್ಡ್ ಬರೆದು ಸಾಕಾಗೇತಿ, ಬಿಸಿಲಿಗೆ ಸಾಕಾಗೇತಿ. ಆದರೆ ಕೆಲವೊಮ್ಮೆ ಆ ಮಾತಿನ ತೂಕ ಬೇರೆ ಇರುತ್ತೆ. ಊಟ ಬಿಟ್ಟಿರ್ತಾನೆ, ನಿದ್ದೆ ಇರಲ್ಲ ಅಥವಾ ದಿನವಿಡೀ ಮಲಗಿರ್ತಾನೆ. ಕ್ಲಾಸಿಗೂ ಬರಲ್ಲ, ಕ್ರಿಕೆಟ್‌ಗೂ ಬರಲ್ಲ. ಇಷ್ಟದ ವಸ್ತು ಬೇರೆಯವರಿಗೆ ಕೊಡ್ತಾನೆ. ‘ನಾ ಇರ್ಲಿಲ್ಲಂದ್ರ ಎಲ್ಲಾರ್ಗೂ ಆರಾಮ’ ಅಂತಾನೆ. ಇದನ್ನ ನಾಟಕ ಅಂದ್ಕೊಳ್ಬೇಡಿ.

ನೇರವಾಗಿ ಕೇಳಿ: ‘ಜೀವಾ ತಗೊಳ್ಳೋ ವಿಚಾರ ಬರ್ಲಾಕತ್ತೈತೇನೋ?’ ಕೇಳಿದ್ರೆ ಆ ವಿಚಾರ ತಲೆಗೆ ಹೋಗುತ್ತೆ ಅನ್ನೋದು ತಪ್ಪು ನಂಬಿಕೆ. ಒಬ್ಬರು ಕೇಳಿದ್ರಲ್ಲ ಅಂತ ಬಹಳ ಜನರಿಗೆ ಹಗುರ ಆಗುತ್ತೆ. ಆಮೇಲೆ ನೀವು ಮಾತು ಕಡಿಮೆ ಮಾಡಿ. ‘ನಿನಗಿಂತ ಕಷ್ಟದಾಗ ಇದ್ದವ್ರು ಇಲ್ಲೇನ?’, ‘ಅವ್ವ-ಅಪ್ಪನ ಮಾರಿ ನೋಡು’ ಅನ್ನೋ ಮಾತು ಬೇಡ. ಅದು ಭಾರ ಇಳಿಸಲ್ಲ, ಇನ್ನೊಂದು ಕಲ್ಲು ಹೇರುತ್ತೆ. ‘ಹೇಳು, ನಾ ಇಲ್ಲೇ ಕುಂತೀನಿ’ ಸಾಕು.

ಅವನು ‘ಯಾರಿಗೂ ಹೇಳಬ್ಯಾಡ, ಆಣಿ ಮಾಡು’ ಅಂದ್ರೆ? ಆಣೆ ಮಾಡ್ಬೇಡಿ. ‘ನಿನ್ನ ವಿಷಯ ಊರಿಗೆ ಹೇಳಂಗಿಲ್ಲ. ಆದ್ರ ಒಬ್ಬ ದೊಡ್ಡವರಿಗೆ ಹೇಳ್ತೀನಿ, ನಿನ್ನ ಜೋಡಿ ಕುಂತ ಹೇಳ್ತೀನಿ’ ಅನ್ನಿ. ಸ್ನೇಹ ಮುರಿದರೂ ಪರವಾಗಿಲ್ಲ, ಸ್ನೇಹಿತ ಉಳಿಯಬೇಕು. ಒಬ್ಬನನ್ನೇ ಬಿಟ್ಟು ಬರಬೇಡಿ. ತಕ್ಷಣದ ಅಪಾಯ ಕಂಡ್ರೆ 112ಕ್ಕೆ ಫೋನ್ ಮಾಡಿ, ಹತ್ತಿರದ ಆಸ್ಪತ್ರೆಗೆ ಕರ್ಕೊಂಡು ಹೋಗಿ, ಮನೆಯವರಿಗೆ ತಿಳಿಸಿ.

ಟೆಲಿ-ಮಾನಸ್ ಅಂತ ಸರ್ಕಾರದ ಸಹಾಯವಾಣಿ ಇದೆ. 2022ರ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನ, ಶುರುವಾಯ್ತು. ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. 14416ಕ್ಕೆ ಹಗಲು ರಾತ್ರಿ ಯಾವಾಗಾದ್ರೂ ಫೋನ್ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ನಿಮಗೇ ಭಾರ ಆಗಿದ್ರೆ ನಿಮಗೋಸ್ಕರ ಮಾಡಿ. ಗೆಳೆಯನ ಬಗ್ಗೆ ಏನು ಮಾಡಬೇಕು ಅಂತ ಕೇಳೋಕೂ ಮಾಡಬಹುದು. ಮನಸ್ಸಿನ ಡಾಕ್ಟರ್ ಹತ್ರ ಹೋದ್ರೆ ಹುಚ್ಚು ಅಂತಾರೆ ಅನ್ನೋದು ಅದೇ ಗ್ಯಾಲರಿಯ ಸದ್ದು. ಮೊಣಕಾಲು ನೋವಿಗೆ ಡಾಕ್ಟರ್ ಹತ್ರ ಹೋದವನನ್ನು ಕುಂಟ ಅಂತ ಯಾರೂ ಕರೆಯಲ್ಲ.

ಇನ್ನೊಂದು ಮಾತು: ಗೆಳೆಯನನ್ನು ನೀವೊಬ್ಬರೇ ಉಳಿಸಬೇಕು ಅಂತ ಹೊತ್ತುಕೊಳ್ಳಬೇಡಿ. ನೀವು ಅವನ ಒಂದು ಕಮಾನು, ಎಂಟೂ ಅಲ್ಲ. ಉಳಿದವರನ್ನು ಕರೆಯೋದೇ ನಿಮ್ಮ ಕೆಲಸ.

ಹೋಮ್‌ವರ್ಕ್

ಪಾಠ ಅಂದ ಮೇಲೆ ಹೋಮ್‌ವರ್ಕ್ ಇರಲೇಬೇಕು. ನೋಟ್‌ಬುಕ್‌ನ ಕೊನೆ ಹಾಳೆಯಲ್ಲಿ ಎಂಟು ಗೆರೆ ಎಳೆಯಿರಿ. ಒಂದೊಂದರ ಮೇಲೂ ಒಂದು ಹೆಸರು ಬರೆಯಿರಿ. ಮನೆಯವರು ಇಬ್ಬರು, ಗೆಳೆಯರು ಇಬ್ಬರು, ಕಾಲೇಜಿನ ಸರ್ ಅಥವಾ ಮೇಡಂ ಒಬ್ಬರು, ಸೀನಿಯರ್ ಒಬ್ಬರು, ಹಳೆ ಶಾಲೆಯ ಮಾಸ್ತರ್ ಒಬ್ಬರು. ಎಂಟನೇ ಗೆರೆ ಮೇಲೆ 14416 ಅಂತ ಬರೆಯಿರಿ. ಎಂಟೂ ತುಂಬಲಿಲ್ಲ ಅಂದ್ರೆ ಬೇಜಾರಿಲ್ಲ, ಮೂರು ಇದ್ರೂ ಶುರು ಮಾಡಬಹುದು. ಖಾಲಿ ಗೆರೆಗಳನ್ನ ಈ ಸೆಮಿಸ್ಟರ್‌ನಲ್ಲಿ ತುಂಬಿಸಿಕೊಳ್ಳಿ. ಕಷ್ಟ ಬಂದ ದಿನ ಹುಡುಕೋಕೆ ಹೋದ್ರೆ ಯಾರೂ ನೆನಪಾಗಲ್ಲ, ಆರಾಮ ಇದ್ದಾಗಲೇ ಬರೆದಿಟ್ಕೊಳ್ಬೇಕು.

ಆಮೇಲೆ ಈ ನಂಬರ್‌ಗಳನ್ನ ಈಗಲೇ ಫೋನ್‌ನಲ್ಲಿ ಸೇವ್ ಮಾಡಿ:

ಟೆಲಿ-ಮಾನಸ್: 14416
ಸೈಬರ್ ಹಣ ಮೋಸ: 1930
ಮಕ್ಕಳ ಸಹಾಯವಾಣಿ, ಹದಿನೆಂಟರ ಒಳಗಿನವರಿಗೆ: 1098
ರ‍್ಯಾಗಿಂಗ್ ದೂರು: 1800-180-5522
ಯಾವುದೇ ತುರ್ತು: 112

ಕೊನೆಗೆ ಒಂದು ಪ್ರಶ್ನೆ, ಉತ್ತರ ನನಗೆ ಹೇಳಬೇಕಾಗಿಲ್ಲ. ಬೇರೆಯವರ ನೋಟ್‌ಬುಕ್‌ನ ಕೊನೆ ಹಾಳೆಯಲ್ಲಿ ನಿಮ್ಮ ಹೆಸರು ಬರೆಯುವ ಹಾಗೆ ನೀವು ಇದ್ದೀರಾ? ಒಬ್ಬರು ನಂಬಿ ಹೇಳಿದ ಮಾತು ನಿಮ್ಮ ಹತ್ರ ನಿಲ್ಲುತ್ತಾ, ಇಲ್ಲ ಸಂಜೆ ಹೊತ್ತಿಗೆ ಕ್ಯಾಂಟೀನ್ ತುಂಬಾ ಕೇಳಿಸುತ್ತಾ? ಈ ಕ್ಯಾಂಪಸ್‌ನಲ್ಲಿ ನಿಮ್ಮ ಪಕ್ಕದ ಬೆಂಚಿನಲ್ಲೇ ಯಾರೋ ಒಬ್ಬರು ಇವತ್ತು ‘ಯಾರ ಮುಂದ ಹೇಳ್ಲಿ’ ಅಂತ ಕೂತಿರಬಹುದು. ಊಟದ ಹೊತ್ತಿಗೆ ಬುತ್ತಿ ಬಿಚ್ಚುವಾಗ ‘ಬಾರೋ, ಊಟಾ ಮಾಡೂನು, ಯಾಕ ಸಪ್ಪಗ ಇದ್ದಿ?’ ಅಂತ ಕೇಳಿ. ಅವರ ಕೊನೆ ಹಾಳೆಯ ಒಂದು ಗೆರೆ ತುಂಬೋದು ಅಲ್ಲಿಂದಲೇ.